ಒಂದು ಕುಡ್ತೆ ರವೆಯ ತೂಕ

ಪ್ರೀತಿಯ ಬಾಯಮ್ಮನಿಗೆ,

ಕೆಮ್ಮಣ್ಣು ಊರಿನ ನಿಮ್ಮ ಅಡುಗೆಮನೆಗೆ ನಾನು ಮೊದಲು ಬಂದದ್ದು ಪಾತ್ರೆ ತೊಳೆಯುವ ಕೆಲಸಕ್ಕೆ. ಮೂರನೇ ವಾರಕ್ಕೇ ಅಳತೆಯ ಹಿತ್ತಾಳೆ ಕುಡ್ತೆಯನ್ನು ನನ್ನ ಕೈಗೆ ಕೊಟ್ಟು, “ಸುಜಾತ, ರವೆ ಅಳೆ” ಎಂದಿರಿ. ಕ್ರಿಸ್ಮಸ್ಸಿಗೂ ಮದುವೆಗೂ ಜನ ಹುಡುಕಿಕೊಂಡು ಬರುತ್ತಿದ್ದ ನಿಮ್ಮ ಬಾತ್ಕ್, ಆ ರವೆ ಮತ್ತು ತೆಂಗಿನಕಾಯಿಯ ಕೇಕು, ಅದರ ಅಳತೆಯನ್ನು ಹೊರಗಿನವಳಿಗೆ ಯಾರು ಹೇಳಿಕೊಡುತ್ತಾರೆ? ಒಡಹುಟ್ಟಿದವರಿಗೂ ಹೇಳದವರಿದ್ದಾರೆ.

ಕಾರ್ಕಳದ ನಿಶ್ಚಿತಾರ್ಥದ ಆರ್ಡರ್ ನೆನಪಿದೆಯೇ? ಎಂಟು ಟ್ರೇ. ನಾಲ್ಕಕ್ಕೆ ನೀವು ಅಳೆದಿರಿ, ನಾಲ್ಕಕ್ಕೆ ನಾನು. ಕುಡ್ತೆ ಒಂದೇ, ಓವನ್ ಒಂದೇ. ನಿಮ್ಮವು ಮೆತ್ತಗೆ ಬಂದವು, ನನ್ನವು ಒಣಗಿ ಬಿರುಕುಬಿಟ್ಟವು. ಒಯ್ಯಲು ಬಂದವರ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. “ನಮ್ಮದೇ ತಪ್ಪು. ಸಂಜೆಯೊಳಗೆ ಬೇರೆ ಮಾಡಿ ಕೊಡ್ತೇವೆ” ಎಂದಿರಿ ನೀವು. ನಮ್ಮದು! ಅವರು ಹೋದ ಮೇಲೆ ಬೈಗುಳಕ್ಕೆ ಕಾದೆ. ನೀವು ಕೇಳಿದ್ದು ಇಷ್ಟೇ: “ಸಂತೆಕಟ್ಟೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಸಿಗ್ತದಾ?”

ತಕ್ಕಡಿ ತಂದ ದಿನ ನೀವು ಮೊಣಕೈಯನ್ನು ಮೇಜಿಗೆ ಊರಿ ರವೆ ಅಳೆದಿರಿ, ನಾನು ತೂಗಿದೆ. ಐದು ಸಲವೂ ನೂರ ಎಂಬತ್ತು ಗ್ರಾಂ, ಒಂದೆರಡು ಆಚೆಈಚೆ. ನಾನು ಅಳೆದರೆ ಇನ್ನೂರು ದಾಟಿತು. “ನೀನು ಕುಡ್ತೆಯನ್ನು ಕುಟ್ತೀ ಮಾರಾಯ್ತಿ. ಕುಟ್ಟಿದರೆ ರವೆ ಕೂತುಕೊಳ್ತದೆ, ಹೆಚ್ಚು ಹಿಡಿಸ್ತದೆ.” ಕಾಯಿತುರಿ ಮಾತ್ರ ನಿಮ್ಮ ಕೈಯಲ್ಲೂ ಒಮ್ಮೆ ತೊಂಬತ್ತು, ಒಮ್ಮೆ ನೂರ ಹತ್ತು. ಸಿಕ್ಕಿಬಿದ್ದಿರಿ ಎಂದು ನಕ್ಕುಬಿಟ್ಟೆ. “ಇದು ಎಳತು, ನೀರು ಜಾಸ್ತಿ ಉಂಟು, ಸಡಿಲ ತುಂಬಿಸಿದೆ. ಅದು ಬಲಿತದ್ದು, ಒತ್ತಿದೆ. ಎರಡೂ ಬರಿ.” ನನ್ನ ನಗು ಅಲ್ಲಿಗೇ ನಿಂತಿತು. ಶಾಲೆಯಲ್ಲಿ ಐದನೆಯ ತರಗತಿ ದಾಟದ ನೀವು...

ಎಲ್ಲ ಬರೆದು ಮುಗಿಸಿ ಚಹಾ ಕೊಟ್ಟಾಗ, ನಿಮ್ಮ ಕೈಯಲ್ಲಿ ಕಪ್ಪುಸಾಸರು ಕಟಕಟ ಅಂದಿತು. “ಎಷ್ಟು ದಿನದಿಂದ ಬಾಯಮ್ಮ?” ಎಂದು ಕೇಳಿದೆ.

“ವರ್ಷ ಆಯ್ತು. ಇನ್ನೂ ಹೆಚ್ಚಾಗ್ತದಂತೆ, ಮಣಿಪಾಲದ ಡಾಕ್ಟರು ಹೇಳಿದ್ರು. ಕೈ ಪೂರ್ತಿ ಹೋಗುವ ಮೊದಲು ಕಾಗದದಲ್ಲಿ ಇರ್ಲಿ ಅಂತ. ಅಳುವುದು ಎಂತಕ್ಕೆ? ಚಹಾ ತಣಿಯುತ್ತದೆ, ಕುಡಿ.”

ಮೊಣಕೈ ಊರಿದ್ದು ಯಾಕೆಂದು ಆಗ ತಿಳಿಯಿತು. ಅಂಥ ಕೈಯಲ್ಲಿ ಎರಡು ಗ್ರಾಂಗಿಂತ ಹೆಚ್ಚುಕಡಿಮೆಯಾಗದಂತೆ ಹೇಗೆ ಅಳೆದಿರಿ? ವರ್ಷವಿಡೀ ಹೇಗೆ ಬಚ್ಚಿಟ್ಟುಕೊಂಡಿರಿ?

ನೀವು ಹೋಗಿ ಎರಡು ವರ್ಷ. ಈಗ ಸಂತೆಕಟ್ಟೆಯಲ್ಲಿ ನನ್ನದೇ ಒಂದು ಅಡುಗೆಕೋಣೆಯಿದೆ, ಕೆಲಸಕ್ಕೆ ಜೊತೆಗೆ ಇಬ್ಬರು ಹೆಂಗಸರು. ಹೊಸಬರು ಅಂದು ಬರೆದ ಹಾಳೆ ನೋಡಿ, ತೂಗಿ, ಮೊದಲ ದಿನವೇ ನಿಮ್ಮ ಬಾತ್ಕ್ ಮಾಡುತ್ತಾರೆ, ಒಂದೂ ಬಿರುಕುಬಿಡುವುದಿಲ್ಲ. ಸಕ್ಕರೆಯನ್ನು ಮಾತ್ರ ಮೂವತ್ತು ಗ್ರಾಂ ಕಡಿಮೆ ಮಾಡಿದ್ದೇನೆ, ಬೈಯಬೇಡಿ. ಈಗಿನವರಿಗೆ ಸಿಹಿ ಕಡಿಮೆ ಬೇಕು.

ಇನ್ನೊಂದು ಸುದ್ದಿ. ದೋಹಾದಲ್ಲಿರುವ ನಿಮ್ಮ ಮಗ ರೋಶನ್, ನೀರು ಕುದಿಸಲೂ ಬಾರದವನು ಎಂದು ನೀವು ನಗುತ್ತಿದ್ದಿರಲ್ಲ, ಆ ಹಾಳೆಯ ಫೋಟೋ ಕಳಿಸಲು ಹೇಳಿದ. ಸಕ್ಕರೆಯ ಹಳೆಯ ತೂಕವನ್ನೇ ಕಳಿಸಿದೆ. ಕಳೆದ ಶುಕ್ರವಾರ ಫೋನು ಬಂತು. ಬಾತ್ಕ್ ಈಗಷ್ಟೇ ಓವನ್ನಿನಿಂದ ತೆಗೆದನಂತೆ.

“ಸುಜಾತಕ್ಕ, ಇದು ಮಮ್ಮಿಯದ್ದೇ.”

“ಅಲ್ಲ ರೋಶನ್,” ಎಂದೆ, “ನೀನು ಮಾಡಿದ್ದು.”

ಬಾಯಿತುಂಬ ಇಟ್ಟುಕೊಂಡೇ ಅಳುತ್ತಿದ್ದ, ಬಾಯಮ್ಮ. ತಿನ್ನುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನಿಮ್ಮ
ಸುಜಾತ