ಕೆಂಪು ಫಲಕ ಕಾಣುವವರೆಗೆ

ಮೇ 20, ಮಂಗಳವಾರ

ಇವತ್ತೂ ಫೋನ್ ಮೇಲೆ ಫೋನ್. ಈಜುಕೊಳದವರು — ಆಗಸ್ಟ್‌ವರೆಗೆ ಜಾಗ ಇಲ್ಲ. ಸ್ಕೇಟಿಂಗ್‌ನವರು — ಬೂಟು ನೀವೇ ತರಬೇಕು. ಬ್ಯಾಸ್ಕೆಟ್‌ಬಾಲ್ ಹತ್ತು ತುಂಬಿದವರಿಗೆ. ನನ್ನ ಮಗಳು ಯೂರಾನಿಗೆ ಎಂಟು.

ಡಾಕ್ಟರ್ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. "ಈ ವಯಸ್ಸಿಗೇ ಸಕ್ಕರೆ ಅಂಚಿಗೆ ಬಂದು ನಿಂತಿದೆ ನೋಡಮ್ಮ. ದಿನಾ ಒಂದು ಗಂಟೆ ಮೈ ಬೆವರ್ಬೇಕು. ಆರು ತಿಂಗಳು ನೋಡ್ತೀನಿ, ಆಮೇಲೆ ಔಷಧಿನೇ."

ಹೇಗೆ ಬೆವರಿಸಲಿ? ಬೆಳಗ್ಗೆ ಐದಕ್ಕೆ ಆಫೀಸು ಗುಡಿಸಲು ಹೊರಡುತ್ತೇನೆ. ಅವಳ ಶಾಲೆ ಮಧ್ಯಾಹ್ನದ ಪಾಳಿ. ಅಲ್ಲಿಯವರೆಗೆ ಅಜ್ಜಿಯ ಜೊತೆ ಟಿವಿ. ಅಮ್ಮನಿಗೋ ಕಣ್ಣಿಗೆ ಪೊರೆ. ಆದರೂ ಮೊಮ್ಮಗಳಿಗೆ ಕದ್ದು ಬೆಲ್ಲದ ನೀರು ಕಾಯಿಸಿ ಕೊಡುವಷ್ಟು ಕಾಣುತ್ತದೆ.

ಮೇ 24, ಶನಿವಾರ

ಜಾಗ ಸಿಕ್ಕಿತು. ಪುಕ್ಕಟೆ, ಪಾರ್ಕಿನಲ್ಲೇ. ಆದರೆ ಸೈಕಲ್ ಶಾಲೆ! ಇಷ್ಟು ದೊಡ್ಡ ಬೊಗೋಟಾದಲ್ಲಿ ನನಗೆ ಉಳಿದದ್ದು ಅದೊಂದೇ. ಸೈಕಲ್ ಅವರೇ ಕೊಟ್ಟು ಕಳಿಸುತ್ತಾರೆ. ಷರತ್ತು ಬೇರೆ — ಮನೆಯ ಒಬ್ಬ ದೊಡ್ಡವರೂ ಜೊತೆಗೆ ಕಲಿಯಬೇಕು.

ಮೇಷ್ಟ್ರು ನೆಸ್ತೋರ್ ನನ್ನ ಮಾತಿನಲ್ಲೇ ಊರು ಕಂಡುಹಿಡಿದ. "ಬೊಯಾಕಾದವ್ರಾ ಅಕ್ಕಾ? ನಿಮ್ಕಡೆ ಮಕ್ಕಳು ಸೈಕಲ್ ಮೇಲೇ ಹುಟ್ತಾರಂತಲ್ಲ. ನೀವ್ಯಾಕೆ ಹಿಂಗೆ ನಡುಗ್ತಿದೀರಿ?"

ನಕ್ಕೆ. ಎದಿಲ್ಸನ್ ಹೆಸರು ಎತ್ತಲಿಲ್ಲ. ಅಣ್ಣನಿಗೆ ಹನ್ನೆರಡು ಆಗ. ಊರಿನ ಇಳಿಜಾರು, ಎದುರಿಗೆ ಹಾಲಿನ ಲಾರಿ... ಆಮೇಲೆ ನಮ್ಮ ಮನೆಯಲ್ಲಿ ಯಾರೂ ಸೈಕಲ್ ಮುಟ್ಟಲಿಲ್ಲ.

ಸಹಿ ಹಾಕಿ ಬಂದೆ.

ಜೂನ್ 15, ಭಾನುವಾರ

ಅವಳು ಎರಡನೇ ದಿನಕ್ಕೇ ಕಲಿತಳು. ನಾನು ಮೂರು ಶನಿವಾರವೂ ಬಿದ್ದೆ. ಇವತ್ತು ಮೊದಲ ಸಲ ಏಳನೇ ರಸ್ತೆಗೆ. ಭಾನುವಾರ ಮತ್ತು ಹಬ್ಬದ ರಜೆ ದಿನಗಳಲ್ಲಿ ಬೆಳಗ್ಗೆ ಏಳರಿಂದ ಎರಡರವರೆಗೆ ಅಲ್ಲಿ ಬಸ್ಸಿಲ್ಲ, ಕಾರಿಲ್ಲ, ಬರೀ ಸೈಕಲ್ಲು. ಮೂಲೆಮೂಲೆಯಲ್ಲಿ ಅಡ್ಡರಸ್ತೆಯ ವಾಹನ ತಡೆಯಲು ಕೆಂಪು ಫಲಕ ಹಿಡಿದ ಕಾವಲಿನವರು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಬ್ರೇಕಿನಿಂದ ಬೆರಳು ತೆಗೆಯಲಿಲ್ಲ.

"ಮೂಲೇಲಿ ಫಲಕದವ್ರು ಕಾಣೋವರ್ಗೂ ರಸ್ತೆಗೆ ಚಕ್ರ ಇಳಿಸ್ಬಾರ್ದು. ಗೊತ್ತಾಯ್ತಾ?"

"ಹತ್ಸಲ ಹೇಳಿದೀಯಮ್ಮ."

"ಹನ್ನೊಂದ್ನೇ ಸಲ ನೀನು ಹೇಳು, ನೋಡೋಣ."

ಕಣ್ಣು ಮೇಲೆ ಮಾಡಿ ಹೇಳಿದಳು. ಒಂದೂವರೆಗೇ ಅವಳನ್ನು ಎಳೆದುಕೊಂಡು ಬಂದೆ. ಅಳುತ್ತಾ ಬಂದಳು, ಬರಲಿ.

ಜೂನ್ 30, ಸೋಮವಾರ

ರಜೆ. ಹಬ್ಬಗಳನ್ನೆಲ್ಲ ಸೋಮವಾರಕ್ಕೆ ತಳ್ಳುವ ನಮ್ಮ ಸರ್ಕಾರಕ್ಕೆ ಈ ಸಲ ಎರಡು ಹಬ್ಬ ಒಂದೇ ಸೋಮವಾರ ಸಿಕ್ಕಿವೆ. ಒಂದು ರಜೆ ನುಂಗಿ ನೀರು ಕುಡಿದರು.

"ಇನ್ನೊಂದು ರಜೆ ಎಲ್ಹೋಯ್ತಮ್ಮ?" ಅಂದಳು ಯೂರಾನಿ.

"ಹಬ್ಬದ ಸಂತರು ಬಿಡ್ತಾರಾ? ಮುಂದಿನ ಸೋಮವಾರ ವಾಪಸ್ ಕೊಡಿಸ್ತಾರೆ," ಅಂದೆ. ಅಮ್ಮನೂ ನಕ್ಕಳು.

ಒಂಬತ್ತು ಕಿಲೋಮೀಟರ್ ತುಳಿದಳು. ಲಂಗ ಸೊಂಟದಲ್ಲಿ ನಿಲ್ಲುತ್ತಿಲ್ಲ, ಪಿನ್ನು ಹಾಕಿಕೊಟ್ಟೆ. ಎಷ್ಟು ಸಂತೋಷ! ಆದರೆ ರಾತ್ರಿ ಕಣ್ಣು ಮುಚ್ಚಿದರೆ ಹಾಲಿನ ಲಾರಿ.

ಜುಲೈ 7, ಸೋಮವಾರ, ಬೆಳಗ್ಗೆ 8.50 — ಬಸ್ಸಿನಲ್ಲಿ

ಬರೆಯದಿದ್ದರೆ ಕಿರುಚಿಬಿಡುತ್ತೇನೆ. ಅಮ್ಮನ ಫೋನ್ ಬಂತು. "ಯೂರಾನಿ ಇನ್ನೂ ಬಂದಿಲ್ಲ ಕಣೇ. ಕಿಟಕಿಯಿಂದ ನೋಡಿದ್ರೆ ಈ ಕಣ್ಣಿಗೆ ಏನೂ ಕಾಣ್ತಿಲ್ಲ. ಏಳಕ್ಕೇ ಸೈಕಲ್ ತಗೊಂಡು ಹೋದ್ಲು. ನಾನು ಮಲಗಿದ್ದೆ. ಸಂತರ ರಜೆ ಇವತ್ತು ವಾಪಸ್ ಕೊಡ್ತಾರೆ, ಅಮ್ಮನೇ ಹೇಳಿದ್ಲು, ಅಂತ ಕೂಗಿ ಹೋದ್ಲು..."

ನನ್ನ ತಮಾಷೆ. ನನ್ನ ಹಾಳು ನಾಲಿಗೆ.

ಇವತ್ತು ರಜೆ ಅಲ್ಲ. ರಸ್ತೆ ತುಂಬ ಬಸ್ಸು. ಕಾವಲಿನವರು ಒಬ್ಬರೂ ಇಲ್ಲ.

ಏಳನೇ ರಸ್ತೆ. ಬಸ್ ನಿಂತಿದೆ. ಮುಂದಿನ ಸೀಟಿನವನು ಕತ್ತು ಚಾಚಿ ನೋಡಿದ. "ಏನೋ ಆಗಿದೆ ಮುಂದೆ." ಏನಾಗಿದೆ? ಯಾರಿಗೆ? ಇಳಿಸಯ್ಯಾ ಅಂದರೆ, "ನಿಲ್ದಾಣ ಬರ್ಲಿ ತಾಯಿ" ಅನ್ನುತ್ತಾನೆ ಡ್ರೈವರ್. ಎದಿಲ್ಸನ್, ನೋಡಿಕೋ ಅವಳನ್ನ...

ಅದೇ ದಿನ, 11.20

ಲಾರಿಯೊಂದು ಕೆಟ್ಟು ನಿಂತಿತ್ತು, ಅಷ್ಟೇ. ಬಾಗಿಲು ಬಡಿದು ಇಳಿದು ಓಡಿದೆ. ಎಂಟು ಬೀದಿ. ಪ್ರತಿ ಮೂಲೆಯಲ್ಲೂ ಮೊದಲು ನೆಲ ನೋಡಿದೆ. ಆಮೇಲೆ ಮನುಷ್ಯರನ್ನು.

ನಮ್ಮ ಮೂಲೆಯಲ್ಲಿದ್ದಳು, ರಸ್ತೆಯ ಆ ಕಡೆ. ಫುಟ್‌ಪಾತಿನ ಅಂಚಿನಲ್ಲಿ, ಹೆಲ್ಮೆಟ್ ಕಟ್ಟಿ, ಸೈಕಲ್ ಹಿಡಿದು ನಿಂತಿದ್ದಳು. ಪ್ರಾಣ ಬಂತು. ಮರುಕ್ಷಣ ನನ್ನನ್ನು ನೋಡಿಬಿಟ್ಟಳು. ಸೈಕಲ್ ಹತ್ತಿದಳು. ಮುಂದಿನ ಚಕ್ರ ರಸ್ತೆಗೆ ಇಳಿಯಿತು. ಎಡಗಡೆಯಿಂದ ಬಸ್.

ಕೂಗಿದರೆ ಕೇಳುವುದಿಲ್ಲ. ಕೈ ಎತ್ತಿದೆ, ಅಂಗೈ ಮುಂದೆ ಮಾಡಿ, ಫಲಕದವರ ಹಾಗೆ. ನಿಂತಳು. ಬಸ್ ನಮ್ಮಿಬ್ಬರ ನಡುವೆ ಹೋಗುವಷ್ಟು ಹೊತ್ತು ಅವಳು ಕಾಣಲಿಲ್ಲ. ಹಾಳಾದ್ದು ಎಷ್ಟು ಉದ್ದದ ಬಸ್ಸದು! ಹೋಯಿತು. ನಿಂತಲ್ಲೇ ಇದ್ದಳು.

ದಾಟಿ ಹೋಗಿ ಅಪ್ಪಿಕೊಂಡೆ. ಬೆನ್ನಿಗೆ ಒಂದು ಕೊಟ್ಟೆ. ಮತ್ತೆ ಅಪ್ಪಿಕೊಂಡೆ.

"ಏಳರಿಂದ ಕಾಯ್ತಿದೀನಮ್ಮ. ಫಲಕದವ್ರು ಇನ್ನೂ ಬಂದೇ ಇಲ್ಲ. ರಜೆ ದಿನ ಲೇಟಾಗಿ ಏಳ್ತಾರಾ ಅವ್ರು?"



ಜುಲೈ 13, ಭಾನುವಾರ, ಬೆಳಗ್ಗೆ 7.05

ವಾರವಿಡೀ ಸೈಕಲ್‌ಗೆ ಬೀಗ. ಶಾಲೆಗೆ ವಾಪಸ್ ಕೊಟ್ಟುಬಿಡೋಣ ಅಂದುಕೊಂಡಿದ್ದೆ. ನಿನ್ನೆ ನೆಸ್ತೋರ್ ಮನೆಗೇ ಬಂದ. ಎಲ್ಲ ಕೇಳಿದ. "ಎರಡು ಗಂಟೆ ನಿಂತ್ಲಾ? ಅಕ್ಕಾ, ನನ್ನ ಕ್ಲಾಸಲ್ಲಿ ಎರಡು ನಿಮಿಷ ನಿಲ್ಲಲ್ಲ ಅವ್ಳು. ನಿಮ್ಮಾತಿಗೆ ನಿಂತಿದ್ದು." ಬೀಗದ ಕೈ ತೆಗೆದುಕೊಟ್ಟೆ.

"ಇವತ್ತು ನಿಜವಾಗ್ಲೂ ಭಾನುವಾರ ತಾನೇ? ತಮಾಷೆ ಅಲ್ಲ ತಾನೇ?" ಅಂದಳು. ಕ್ಯಾಲೆಂಡರ್ ನೋಡಿದೆ. ರೇಡಿಯೋ ಹಾಕಿದೆ. ಅಮ್ಮನನ್ನೂ ಕೇಳಿದೆ. ಭಾನುವಾರವೇ.

ಭಯ ಹೋಗಿಲ್ಲ. ಹೋಗುವುದೂ ಇಲ್ಲ. ನನ್ನ ಸೈಕಲ್ ಕೆಳಗಿದೆ, ಅಮ್ಮ ಹಿಡಿದು ನಿಂತಿದ್ದಾಳೆ. ಕಿಟಕಿಯಿಂದ ಮೂಲೆ ಕಾಣುತ್ತದೆ. ಫಲಕದ ಹುಡುಗಿ ಬಂದಿದ್ದಾಳೆ, ಯೂರಾನಿಗೆ ಬಾ ಬಾ ಎನ್ನುತ್ತಿದ್ದಾಳೆ. ಇವಳು ಅಲ್ಲಾಡುತ್ತಿಲ್ಲ. ತಲೆ ಎತ್ತಿ ಈ ಕಿಟಕಿಯನ್ನೇ ನೋಡುತ್ತಿದ್ದಾಳೆ.

"ಅಮ್ಮಾ, ನೀನು ಕೈ ಬೀಸು! ಆಮೇಲೆ ಇಳಿಸ್ತೀನಿ!"

ಬೀಸಬೇಕಾದ ಕೈಯಲ್ಲೇ ಬರೆಯುತ್ತಿದ್ದೇನೆ, ಪೆನ್ನು ಕೆಳಗಿಟ್ಟು...