ಪೆಡಲ್ ತುಳಿದದ್ದು ನಡಿಗೆಯಲ್ಲ

ರೀ,

ಬೆಳಗಿನ ಜಾವದ ಕನಸಲ್ಲಿ ನೀವು ಉದ್ದಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆ ನಡ್ಕೊಂಡು ಹೋಗ್ತಿದ್ರಿ. ನಾನು ನಿಮ್ಮ ಚಪ್ಪಲಿ ಹಿಡ್ಕೊಂಡು ಹಿಂದೆ ಓಡ್ತಿದ್ದೆ. ಕನಸಲ್ಲೂ ಬರಿಗಾಲು! ಮನೆಯೊಳಗೂ ಚಪ್ಪಲಿ ಹಾಕ್ಕೊಳ್ಳಿ, ನೆಲದ ತುಂಬ ನಿಮ್ಮದೇ ಗುಂಡುಸೂಜಿ.

ಹೊಲಿಗೆ ಮೆಷಿನ್ನಿನ ಬೆಲ್ಟ್ ಹುಡುಕಬೇಡಿ, ನನ್ನ ಚೀಲದಲ್ಲಿದೆ. ಕಾಲಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು ನಿನ್ನೆ "ದಿನಾ ಅರ್ಧ ಗಂಟೆ ನಡೀತೀರಾ?" ಅಂತ ಕೇಳಿದ್ರೆ "ಮೂರು ಗಂಟೆ ಸಾರ್" ಅಂದ್ರಲ್ಲ! ಕೂತಲ್ಲೇ ಪೆಡಲ್ ತುಳಿದದ್ದನ್ನೆಲ್ಲ ನಡಿಗೆಗೆ ಸೇರಿಸಿದವರು ಊರಲ್ಲಿ ನೀವೊಬ್ಬರೇ. ಅವರು ಭೇಷ್ ಅಂದಾಗ, ಭೂಮಿ ಬಾಯಿಬಿಡಬಾರದಾ ಅನ್ನಿಸ್ತು ನನಗೆ.

ತಿಂಡಿ ಆದಮೇಲೆ ರಕ್ತ ತೆಳುವಾಗೋ ಮಾತ್ರೆ ತಗೊಳ್ಳಿ. ಗುಂಡಿ ಡಬ್ಬಿ ಮೇಲಿಟ್ಟಿದ್ದೀನಿ. ಆಮೇಲೆ ಪಾರ್ಕಿಗೆ ಹೋಗಿ ನಿಜವಾಗಿ ನಡೀರಿ. ಮೀನಖಂಡ ಹಿಡಿದ್ರೆ ಬೆಂಚಲ್ಲಿ ಕೂತು, ನೋವು ಇಳಿದಮೇಲೆ ಮತ್ತೆ ಹೊರಡಿ. ಇಸ್ತ್ರಿಯವನು ಸಿಗರೇಟು ಚಾಚಿದ್ರೆ ನನ್ನ ಮುಖ ನೆನೆಸ್ಕೊಳ್ಳಿ. ಸಂಜೆ ಗಿರಾಕಿಗಳ ಕನ್ನಡಿ ನೆಲಕ್ಕಿಟ್ಟು, ಅಂಗಾಲಲ್ಲಿ ಗಾಯ ಇದೆಯಾ ನೋಡಿ.

ಅಕ್ಷರ ಸೊಟ್ಟಗಿದೆ, ಬಸ್ಸಿಗೆ ಹೊತ್ತಾಯ್ತು. ತಪ್ಪು ನಿಮ್ಮದೇ. ಸ್ಟೆಂಟ್ ಹಾಕೋ ಮುಂಚೆ ಎರಡು ವರ್ಷ ಹೊದಿಕೆಯೊಳಗೆ ನಿಮ್ಮ ಎಡಗಾಲು ತಾಗಿದ್ರೆ ಬಾವಿಯೊಳಗಿನ ಕಲ್ಲು ಮುಟ್ಟಿದ ಹಾಗಾಗ್ತಿತ್ತು. ಬೈಕೊಂಡು ಗೋಡೆ ಕಡೆ ಸರೀತಿದ್ದೆ. ಇವತ್ತು ಕನಸಲ್ಲಿ ನೀವು ಕಾಣದಷ್ಟು ದೂರ ಹೋದಾಗ ದಡಕ್ಕನೆ ಎಚ್ಚರಾಯ್ತು. ನೀವು ಗೊರಕೆ ಹೊಡೀತಿದ್ರಿ. ಎಡಗಾಲು ನನ್ನ ಕಾಲ ಮೇಲಿತ್ತು. ಬೆಚ್ಚಗಿತ್ತು.

ಅಲಾರಂ ಬಾಯಿ ಮುಚ್ಚಿಸಿ, ಕಾಲು ಅಲ್ಲಾಡಿಸದೆ, ಅರ್ಧ ಗಂಟೆ ಹಾಗೇ ಮಲಗಿದ್ದೆ.