ಎಲ್ಲರಿಗೂ ಆಗುವ ಕೋಟು

ಫೆಬ್ರವರಿ 9

ಇವತ್ತೂ ಪಾಸ್‌ಪೋರ್ಟ್ ಸೈಜೇ. ಬೆಳಿಗ್ಗೆಯಿಂದ ಹೇಳಿದ್ದು ಮೂರೇ ಮಾತು — ಗಲ್ಲ ಎತ್ತಿ, ಇಲ್ಲಿ ನೋಡಿ, ಆಯ್ತು. ಇಷ್ಟೇ ಮಾತಿನ ಕೆಲಸ ಸಿಕ್ಕಿದ್ದು ನನ್ನ ಪುಣ್ಯ.

ಲೈಟು ಆರಿಸುವ ಹೊತ್ತಿಗೆ ಹಿಂದಿನ ಬೀದಿಯ ಅಕ್ಕ ಬಂದಳು. ಬಿಸ್ಕತ್ ಫ್ಯಾಕ್ಟರಿಯಿಂದ ನೇರ ಬಂದಿದ್ದಾಳೆ. ಕೂದಲಿಗೆ ಹಾಕುವ ಬಲೆ ಇನ್ನೂ ತಲೆ ಮೇಲೇ ಇತ್ತು. ಅಕ್ಕ ಅಂದರೆ ಆನೆಯ ಅಕ್ಕ. ಮೈ ನೋಡಿ ಗೆಳೆಯರಿಟ್ಟ ಹೆಸರು ಅದು; ಪರದೇಶದಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದವನು. ನಾನು ಅಲ್ಲಿನ ಸ್ಟುಡಿಯೋ ಬಿಟ್ಟು ಬಂದು ನಾಲ್ಕು ವರ್ಷವಾಯಿತು, ಅವನು ಅಲ್ಲೇ ಉಳಿದ. ಮುಂದಿನ ವಾರ ನಾನು ಅಲ್ಲಿಗೆ ಹೋಗುತ್ತಿರುವ ಸುದ್ದಿ ಅವಳಿಗೆ ಹೇಗೋ ಮುಟ್ಟಿದೆ.

"ನೋಡಪ್ಪಾ, ಅವನ ಮುಖ ನೋಡಿ ವರ್ಷದ ಮೇಲಾಯ್ತು. ವಿಡಿಯೋ ಕಾಲ್ ಮಾಡೋ ಅಂದ್ರೆ ಫೋನಿನ ಕ್ಯಾಮೆರಾ ಕೆಟ್ಟಿದೆ ಅಂತಾನೆ. ನಿನ್ನ ಕ್ಯಾಮೆರಾ ಕೆಟ್ಟಿಲ್ಲ ತಾನೆ?"

"ಇಲ್ಲಕ್ಕ."

"ಹಾಗಾದ್ರೆ ಒಂದು ಫೋಟೋ ತಗೊಂಡು ಬಾ. ಬಾಯಿಮಾತು ಬೇಡ. ನೀವು ಗೆಳೆಯರು ಒಬ್ಬರನ್ನೊಬ್ಬರು ಮುಚ್ಚಿಕೊಂಡು ಮಾತಾಡೋರು. ನಿನ್ನ ಮಾತು ನಂಬಲ್ಲ. ಫೋಟೋ ನಂಬ್ತೀನಿ."

ತಲೆ ಆಡಿಸಿದೆ. ತಾಯಿ ಹೋದಾಗ ಆನೆಗೆ ಮೂರು ವರ್ಷವಂತೆ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಇಂಥವಳಿಗೆ ಆಗಲ್ಲ ಅನ್ನುವುದು ಹೇಗೆ...

ಫೆಬ್ರವರಿ 12

ತಮ್ಮನಿಗೆ ಕಳಿಸುವ ಸ್ವೆಟರ್ ತರಲು ಅಕ್ಕನ ಮನೆಗೆ ಹೋಗಿದ್ದೆ. ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಯಲ್ಲಿ ಆನೆಯ ಫೋಟೋ. ನಾನೇ ತೆಗೆದದ್ದು. ಕರಿ ಕೋಟು, ಹಿಂದೆ ನೀಲಿ ಪರದೆ, ಎರಡೂ ಅಂಗೈ ಹೊಟ್ಟೆಯ ಮೇಲೆ.

"ಹೊಟ್ಟೆನೋವು ಬಂದೋನ ಹಾಗೆ ನಿಂತಿದ್ದಾನಲ್ಲೋ. ನೀನಾದ್ರೂ ಸರಿಯಾಗಿ ನಿಲ್ಲು ಅನ್ನಬಾರದಿತ್ತಾ?"

ನಗು ಬಂತು. ನಾನು ಹೆಚ್ಚು ಮಾತಾಡುವವನಲ್ಲ, ಆದರೆ ಇದನ್ನು ಹೇಳಿಬಿಟ್ಟೆ. ನಮ್ಮ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು. ಊರಿಗೆ ಫೋಟೋ ಕಳಿಸುವವರೆಲ್ಲ ಅದನ್ನೇ ಹಾಕಿಕೊಳ್ಳಬೇಕು. ಸಣ್ಣಗಿದ್ದವರಿಗೆ ಬೆನ್ನಿನ ಹಿಂದೆ ಬಟ್ಟೆ ಎಳೆದು ಎರಡೋ ಮೂರೋ ಕ್ಲಿಪ್ಪು ಹಾಕುತ್ತಿದ್ದೆ — ಬಟ್ಟೆ ಒಣಗಿಸುವ ಕ್ಲಿಪ್ಪು. ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಆನೆಗೆ ಮಾತ್ರ ಕ್ಲಿಪ್ಪೇ ಬೇಕಿರಲಿಲ್ಲ. ಕೋಟಿನ ಎರಡು ಅಂಚು ಅವನ ಹೊಟ್ಟೆಯ ಮೇಲೆ ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ. ಆ ಸಂದು ಮುಚ್ಚಲಿಕ್ಕೇ ಕೈ ಹಾಗಿಟ್ಟಿದ್ದು.

ಅಕ್ಕ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಹಾಗಾದ್ರೆ ನೀವೆಲ್ಲ ಮುಂದಿನಿಂದ ಸಾಹೇಬರು, ಹಿಂದಿನಿಂದ ಒಣಗೋಕೆ ಹಾಕಿದ ಬಟ್ಟೆ."

ಫೆಬ್ರವರಿ 19

ಬಂದು ಮುಟ್ಟಿದೆ. ವಿಮಾನದಲ್ಲಿ ನಿದ್ದೆಯಿಲ್ಲ. ಕಾಲು ಊದಿದೆ.

ಯಜಮಾನರು ಸ್ಟುಡಿಯೋ ಮುಚ್ಚುತ್ತಿದ್ದಾರೆ. "ನಿನ್ನ ಸಾಮಾನು ಏನಾದ್ರೂ ಇದ್ರೆ ಬಂದು ಒಯ್ಯಿ, ನನ್ನನ್ನೂ ಒಂದ್ಸಲ ನೋಡಿ ಹೋಗು" ಎಂದು ಅವರು ಫೋನ್ ಮಾಡಿದ್ದಕ್ಕೇ ಈ ಪ್ರಯಾಣ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಕ್ಯಾಮೆರಾ ಕೊಟ್ಟವರು. ಮುದುಕರಾಗಿದ್ದಾರೆ. ನೀಲಿ ಪರದೆ ನಡುವೆ ಬಿಳಚಿಕೊಂಡಿದೆ, ಎಷ್ಟೋ ತಲೆಗಳು ನಿಂತು ಹೋದ ಜಾಗ. ಕೋಟು ಅದೇ ಮೊಳೆಗೆ ನೇತಾಡುತ್ತಿದೆ.

"ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಬಂತು ಮಾರಾಯ. ಕೋಟು ಯಾರಿಗೆ ಬೇಕು ಈಗ?"

ಮಾಳಿಗೆಯ ಕೋಣೆಯಲ್ಲಿ ಜಾಗ ಕೊಟ್ಟಿದ್ದಾರೆ. ಮಲಗುತ್ತೇನೆ.

ಫೆಬ್ರವರಿ 20, ಮಧ್ಯಾಹ್ನ

ಬೆಳಿಗ್ಗೆ ಸುಮ್ಮನೆ ಸುತ್ತಿದೆ. ರೈಲ್ವೆ ಯಾರ್ಡಿನ ಮೇಲಿನ ಕಾಲುಸೇತುವೆಗೆ ಮೊದಲು ಹೋದೆ. ಓಡುವ ವಸ್ತುವಿನ ಫೋಟೋ ತೆಗೆಯಲು ಕಲಿತದ್ದು ಅಲ್ಲೇ. ಈಗ ಎರಡೂ ಕಡೆ ತಗಡು ಹೊಡೆದಿದ್ದಾರೆ. ರೈಲು ಕೇಳಿಸುತ್ತದೆ, ಕಾಣಿಸುವುದಿಲ್ಲ. ಬಂದರಿನ ಗೇಟಿನ ಟೀ ಅಂಗಡಿ ಇದ್ದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಬಸ್ ಡಿಪೋ ಮುಂದಿನ ಬೆಂಚು ಮಾತ್ರ ಇದೆ. ಕೂತೆ. ಬೆಂಚಿಗೆ ನಾನು ಯಾರು ಅಂತ ನೆನಪಿದ್ದಂತೆ ಅನ್ನಿಸಲಿಲ್ಲ... ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯಲಿಲ್ಲ.

ಸಂಜೆ

ಹಳೆಯ ರೂಮಿಗೆ ಹೋದೆ. ನನ್ನ ಮಂಚದ ಮೇಲೆ ಯಾರೋ ಬಾಯಿ ತೆರೆದು ಮಲಗಿದ್ದ. ಗೆಳೆಯರಲ್ಲಿ ಡ್ರೈವರ್ ಒಬ್ಬನೇ ಅಲ್ಲಿರುವುದು.

"ಬಂದ್ಯಾ ದೊರೆ? ಇನ್ನೂ ಮಾತು ಕಲೀಲಿಲ್ವಾ?" ಎಂದು ಬೆನ್ನಿಗೆ ಗುದ್ದಿದ. ಅವನೊಬ್ಬ ಬದಲಾಗಿಲ್ಲ.

ಆನೆ ಎಲ್ಲಿ ಅಂದೆ. ಡ್ರೈವರ್ ಶೂ ಲೇಸು ಕಟ್ಟತೊಡಗಿದ. ಆಗಲೇ ಕಟ್ಟಿದ್ದ ಲೇಸು ಅದು.

"ಬಂದರಿನ ವೇ ಬ್ರಿಡ್ಜ್‌ನಲ್ಲಿ ಕೂರ್ತಾನೆ. ಆಸ್ಪತ್ರೆ ಹತ್ರ ರೂಮ್ ಮಾಡಿದ್ದಾನೆ. ನೀನೇ ಹೋಗಿ ನೋಡು. ನನ್ನ ಕೇಳ್ಬೇಡ."

ಫೆಬ್ರವರಿ 21

ವೇ ಬ್ರಿಡ್ಜ್ ಅಂದರೆ ಲಾರಿಗಳನ್ನು ಸರಕಿನ ಸಮೇತ ತೂಗುವ ಜಾಗ. ಪಕ್ಕದಲ್ಲಿ ಗಾಜಿನ ಗೂಡು. ಒಳಗೆ ಕನ್ನಡಕದವನೊಬ್ಬ ಕೂತಿದ್ದ. ಆನೆ ಇದ್ದಾನಾ ಎಂದು ಕೇಳಿದೆ. ಅವನು ಕನ್ನಡಕ ತೆಗೆದ.

"ಎದುರಿಗಿದ್ರೂ ಕಾಣಲ್ವೇನೋ ನಿನಗೆ? ಫೋಟೋಗ್ರಾಫರ್ ಅಂತೆ."

ದನಿ ಆನೆಯದು. ಉಳಿದದ್ದು ಯಾರದೋ. ಕತ್ತು ಕಾಲರಿನೊಳಗೆ ಕೊಡೆಯ ಕೋಲಿನಂತೆ ನಿಂತಿತ್ತು. ಅವನೇ ಹೇಳಿದ.

"ಲಾರಿ ತೂಗ್ತಾ ತೂಗ್ತಾ ನನ್ನ ತೂಕ ಎಲ್ಲ ಅವಕ್ಕೇ ಹೋಯ್ತು."

ಕಿಡ್ನಿ ಎರಡೂ ಹೋಗಿವೆ. ಒಂದೂವರೆ ವರ್ಷದಿಂದ ಡಯಾಲಿಸಿಸ್, ದಿನ ಬಿಟ್ಟು ದಿನ. ತೋಳು ಮಡಚಿ ತೋರಿಸಿದ — ಸೂಜಿ ಚುಚ್ಚುವಲ್ಲಿ ನರ ಹಗ್ಗದಂತೆ ಎದ್ದಿದೆ. ಕಂಪನಿ ಖರ್ಚು ನೋಡಿಕೊಳ್ಳುತ್ತಿದೆಯಂತೆ. ಕೂತು ಮಾಡುವ ಕೆಲಸವನ್ನೂ ಕೊಟ್ಟಿದೆ.

ಸ್ವೆಟರ್ ಕೊಟ್ಟೆ. ಮೈಗೆ ಹಿಡಿದು ನೋಡಿದ. ಇನ್ನೊಬ್ಬನಿಗೂ ಜಾಗ ಇತ್ತು ಅದರಲ್ಲಿ. ಅಕ್ಕ ಫೋಟೋ ಕೇಳಿದ್ದನ್ನು ಹೇಳಿದೆ. ಅವನು ಮುಂದಿನ ಲಾರಿಗೆ ಕೈ ಬೀಸಿ ಕರೆದು ತೂಗತೊಡಗಿದ.

ಫೆಬ್ರವರಿ 22

ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದೆ. ಒಂದು ಕೆಂಪು ನಳಿಕೆ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದು ಕೆಂಪು ನಳಿಕೆ ಯಂತ್ರದಿಂದ ಬರುತ್ತದೆ. ಡ್ರೈವರ್ ಬಾಗಿಲಿಗೆ ಒರಗಿ ನಿಂತಿದ್ದ. ಬೇರೆ ಕಿಡ್ನಿ ಹಾಕಿದರೆ ಆನೆ ಚೆನ್ನಾಗಿ ಬದುಕುತ್ತಾನೆ. ಪಟ್ಟಿಯಲ್ಲಿ ಹೆಸರಿದೆ, ಸರದಿ ಎಂದು ಬರುತ್ತದೋ ಯಾರಿಗೂ ಗೊತ್ತಿಲ್ಲ. ಅಷ್ಟು ದಿನ ಈ ಮೈ ತಡೆಯುವುದು ಕಷ್ಟ ಎಂದು ಡಾಕ್ಟರು ಬಿಡಿಸಿಯೇ ಹೇಳಿದ್ದಾರಂತೆ. ಒಡಹುಟ್ಟಿದವರು ಕೊಟ್ಟರೆ ನಾಳೆಯೇ ಆಗಬಹುದು.

"ಅಕ್ಕಂದೂ ನಂದೂ ರಕ್ತ ಒಂದೇ ಗುಂಪು," ಆನೆ ಹೇಳಿದ. "ಗೊತ್ತಾದ್ರೆ ಮುಂದಿನ ವಿಮಾನಕ್ಕೇ ಬಂದು ಕೂರ್ತಾಳೆ. ತಟ್ಟೆಯಿಂದ ತೆಗೆದು ಕೊಡೋ ಹಾಗೆ ಕೊಟ್ಟುಬಿಡ್ತಾಳೆ. ಚಿಕ್ಕೋನಿದ್ದಾಗ ಅವಳ ತಟ್ಟೇದೆಲ್ಲ ನಾನೇ ತಿಂದೆ ಕಣೋ. ಈಗ ಅವಳನ್ನೇ ತಿನ್ಲಾ?"

"ಕೊಡೋಳು ಅವಳು. ಬೇಡ ಅನ್ನೋಕೆ ನೀನ್ಯಾರು?" ಅಂದ ಡ್ರೈವರ್.

"ಬಾಯಿ ಮುಚ್ಚು."

"ಮುಚ್ಕೊಂಡೇ ಇದ್ದೀನಲ್ಲ ಒಂದೂವರೆ ವರ್ಷದಿಂದ. ದವಡೆ ನೋಯ್ತಿದೆ."

ನರ್ಸ್ ಬಂದು ಇಬ್ಬರನ್ನೂ ಗದರಿಸಿದಳು. ಆನೆ ಬಿಡುವಾಗಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದ. ಹಿಡಿತದಲ್ಲಿ ಬಲವೇ ಇಲ್ಲ.

"ಒಂದು ಚೆಂದದ ಫೋಟೋ ತೆಗೆದುಕೊಡು. ಹಳೇ ಥರದ್ದು. ಅಲ್ಲಿ ಒಂದು ಮಾತೂ ಆಡಲ್ಲ ಅಂತ ಹೇಳು."

ಆಡಲ್ಲ ಅಂದೆ. ನನ್ನಿಂದ ಮಾತು ಬೇಡ ಅಂದವರು ಈಗ ಇಬ್ಬರಾದರು.

ಫೆಬ್ರವರಿ 23

ತೆಗೆದೆ.

ಸ್ಟುಡಿಯೋದಲ್ಲಿ ಇದೇ ಕೊನೆಯ ಫೋಟೋ. ಯಜಮಾನರು ತಾವೇ ಲೈಟು ಹಾಕಿದರು. ಕೆನ್ನೆಯ ಗುಳಿ ಕಾಣದಂತೆ ಕೆಳಗಿನಿಂದ ಒಂದು ಬೆಳಕು. ಅದೂ ಸಾಲದೆ ಹತ್ತಿಯುಂಡೆ ಕೊಟ್ಟು ದವಡೆಗೆ ಒತ್ತರಿಸಿಕೊಳ್ಳಲು ಹೇಳಿದರು. ಕೋಟಿಗೆ ಉದ್ದ ತೋಳು, ಕೈಯ ನರ ಕಾಣುವುದಿಲ್ಲ. ನಾನು ಬೆನ್ನಿನ ಹಿಂದೆ ನಿಂತು ಕೋಟು ಎಳೆದು ಕ್ಲಿಪ್ಪು ಹಾಕುತ್ತ ಹೋದೆ. ಡಬ್ಬದಲ್ಲಿದ್ದವು ಮುಗಿದವು. ಯಜಮಾನರು ಹಿತ್ತಿಲಿಗೆ ಹೋಗಿ ಒಗೆದ ಬಟ್ಟೆಗಳನ್ನು ಹಗ್ಗದಿಂದ ಎಳೆದು ಹಾಕಿ, ಅಲ್ಲಿದ್ದ ಕ್ಲಿಪ್ಪೂ ತಂದರು. ಯಾರ ಬೆನ್ನಿಗೂ ಇಷ್ಟು ಹಾಕಿದ್ದಿಲ್ಲ. ಬಟ್ಟೆಯ ಕೆಳಗೆ ಬೆನ್ನುಮೂಳೆ ಬೆರಳಿಗೆ ಸಿಕ್ಕಿತು.

ಆನೆ ಮಾತ್ರ ಖುಷಿಯಲ್ಲಿದ್ದ. ಮೂರೂ ಗುಂಡಿ ತಾನೇ ಹಾಕಿಕೊಂಡ. ಹತ್ತಿ ಬಾಯಲ್ಲಿಟ್ಟುಕೊಂಡೇ ಹೇಳಿದ, "ಇಷ್ಟು ವರ್ಷಕ್ಕೆ ಈ ಕೋಟು ನನಗೆ ಆಯ್ತು ನೋಡ್ರೋ."

ನಾವೂ ನಕ್ಕೆವು. ಜೊತೆಗೆ ಬಂದಿದ್ದ ಡ್ರೈವರ್ ನಗಲಿಲ್ಲ, ಹೊರಗೆ ಹೋದ. ಆನೆ ಎದೆ ಮುಂದೆ ಮಾಡಿ, ಕೈ ಎರಡೂ ಪಕ್ಕಕ್ಕೆ ಬಿಟ್ಟು ನಿಂತ. ಗಲ್ಲ ಎತ್ತು. ಇಲ್ಲಿ ನೋಡು. ಆಯ್ತು.

ಕ್ಯಾಮೆರಾದ ಪರದೆಯ ಮೇಲೆ ತೋರಿಸಿದೆ. ಬಹಳ ಹೊತ್ತು ನೋಡಿದ. "ಯಾರೋ ಇವನು? ಚೆನ್ನಾಗಿದ್ದಾನೆ."

ಫೆಬ್ರವರಿ 26

ಹೊರಡುವ ದಿನ. ಯಜಮಾನರು ಕೋಟು ಮಡಚಿ ನನ್ನ ಚೀಲಕ್ಕೆ ತುರುಕಿದರು. "ನಿನ್ನ ಸಾಮಾನು ಅಂದ್ರೆ ಇದೇ." ಬೇಡ ಅನ್ನಲು ಆಗಲಿಲ್ಲ. ಯಾವಾಗ ಆಗಿದೆ?

ಆನೆ ಬೀಳ್ಕೊಡಲು ಬರಲಿಲ್ಲ, ಆಸ್ಪತ್ರೆಯ ದಿನ. ಡ್ರೈವರ್ ವಿಮಾನ ನಿಲ್ದಾಣದವರೆಗೆ ಬಿಟ್ಟ. ದಾರಿಯುದ್ದಕ್ಕೂ ತಮಾಷೆಯಿಲ್ಲ. ಇಳಿಸುವಾಗ ಇಷ್ಟೇ ಹೇಳಿದ — "ಮಾತು ಕೊಟ್ಟಿದ್ದೀಯ, ಸರಿ. ನಾನೂ ಕೊಟ್ಟಿದ್ದೆ. ರಾತ್ರಿ ನಿದ್ದೆ ಬರಲ್ಲ ಕಣೋ."

ಮಾರ್ಚ್ 2

ಊರಿನಲ್ಲಿ. ಅಂಗಡಿ ತೆರೆದೆ. ಪಾಸ್‌ಪೋರ್ಟ್ ಸೈಜು.

ಆನೆಯ ಪ್ರಿಂಟ್ ತೆಗೆದೆ. ನಿಜಕ್ಕೂ ಚೆನ್ನಾಗಿ ಬಂದಿದೆ. ಕವರಿಗೆ ಹಾಕುವಾಗ ಕಣ್ಣಿಗೆ ಬಿತ್ತು.

ಗುಂಡಿ. ಮೂರೂ ಹಾಕಿದೆ.

ಅಕ್ಕನ ಗೋಡೆಯಲ್ಲಿರುವ ಫೋಟೋದಲ್ಲಿ ಒಂದೂ ಹಾಕಿಲ್ಲ. ಹಾಕಲು ಆಗುತ್ತಿರಲಿಲ್ಲ. ಅದರ ಕತೆಯನ್ನು ಬಾಯಾರೆ ಅವಳಿಗೆ ಹೇಳಿದವನು ನಾನೇ. ಯಜಮಾನರ ಕೈಚಳಕ, ನನ್ನ ಕೈಚಳಕ, ಹತ್ತಿ, ಬೆಳಕು... ಮೂವರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ.

ಸರಿಮಾಡಬಹುದು. ಹಳೆಯ ಫೈಲು ಇದೆ. ಹೊಟ್ಟೆ, ಕೈ, ಸಂದು ಎಲ್ಲ ಅದರಿಂದ ತೆಗೆದು ಇದಕ್ಕೆ ಕೂರಿಸಿದರೆ ಅರ್ಧ ಗಂಟೆಯ ಕೆಲಸ. ಕಂಪ್ಯೂಟರ್ ಹಾಕಿದೆ. ಫೈಲು ತೆರೆದೆ. ಕೂತೆ.

ಸುಸ್ತು ಅಂತ ಆರಿಸಿದೆ. ನಾಳೆ ಮಾಡಿದರಾಯಿತು.

ಮಾರ್ಚ್ 5

ಮಾಡಿಲ್ಲ. ಅಕ್ಕ ಅಂಗಡಿಗೆ ಎರಡು ಸಲ ಬಂದು ಹೋದಳು. ಪ್ರಿಂಟ್ ಇನ್ನೂ ಬಂದಿಲ್ಲ ಅಂದೆ. ಅವಳು ಫ್ಯಾಕ್ಟರಿಯಿಂದ ನಡೆದುಕೊಂಡೇ ಬರುತ್ತಾಳೆ, ಮೆಟ್ಟಿಲ ಬಳಿ ಮಂಡಿ ಹಿಡಿದು ನಿಲ್ಲುತ್ತಾಳೆ. ಅವಳ ಹೊಟ್ಟೆ ಕೊಯ್ಯುವುದನ್ನು ನೆನೆದರೆ ಆ ಫೈಲು ತೆರೆದುಬಿಡಬೇಕು ಅನ್ನಿಸುತ್ತದೆ. ನನ್ನ ಮಣಿಕಟ್ಟಿನ ಮೇಲಿನ ಆನೆಯ ಹಿಡಿತ ನೆನೆದರೆ, ಬೇಡ ಅನ್ನಿಸುತ್ತದೆ.

ಕೋಟು ಮೊಳೆಗೆ ಹಾಕಿದ್ದೇನೆ. ಕಂಪ್ಯೂಟರ್ ಹಾಕುವುದೇ ಇಲ್ಲ.

ಮಾರ್ಚ್ 8, ಸಂಜೆ

ಕೊಟ್ಟುಬಂದೆ. ತೆಗೆದಂತೆಯೇ. ಏನೂ ಮುಟ್ಟಿಲ್ಲ.

ಅಕ್ಕ ಟೀ ಕೊಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕವರು ಇಸಿದುಕೊಂಡಳು. ಕಿಟಕಿಯ ಬಳಿ ಹೋದಳು. ಮುಖವೆಲ್ಲ ಹಿಗ್ಗಿತು.

"ಚೆನ್ನಾಗಿದ್ದಾನಪ್ಪಾ. ಕೆನ್ನೆ ನೋಡು. ಸುಮ್ಮನೆ ಏನೇನೋ ಅಂದ್ಕೊಂಡಿದ್ದೆ."

ನಾನು ಟೀ ಊದಿದೆ. ಇಷ್ಟಕ್ಕೇ ಮುಗಿದರೆ ಮುಗಿಯಲಿ ಅನ್ನಿಸಿತು. ಮುಗಿಯಬಾರದು ಅಂತಲೂ. ಅವಳು ಗೋಡೆಯ ಫೋಟೋ ಇಳಿಸಿದಳು. ಅದರ ಜಾಗದಲ್ಲಿ ಹೊಸದನ್ನು ಹಾಕಲು. ಎರಡನ್ನೂ ಮಂಚದ ಮೇಲೆ ಅಕ್ಕಪಕ್ಕ ಇಟ್ಟಳು. ಚೌಕಟ್ಟಿನ ಹಿಂದಿನ ಮೊಳೆ ಬಿಚ್ಚುತ್ತಿದ್ದ ಕೈ ನಿಂತಿತು.

ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಅವಳು ಏಳಲಿಲ್ಲ.

"ಗುಂಡಿ ಹಾಕಿದ್ದಾನೆ," ಅಂದಳು.

ನಾನು ನೆಲ ನೋಡಿದೆ.

"ಅದೇ ಕೋಟು ತಾನೆ ಇದು?"

ಹೌದೆಂದು ತಲೆ ಆಡಿಸಿದೆ.

"ಹಿಂದೆ ಎಷ್ಟು ಕ್ಲಿಪ್ಪು ಹಾಕಿದ್ದೀಯ?"

ಕೂಗಿ ಕೇಳಲಿಲ್ಲ. ಫ್ಯಾಕ್ಟರಿಯಲ್ಲಿ ಪೊಟ್ಟಣ ಎಣಿಸಿ ಕೇಳುವ ಹಾಗೆ ಕೇಳಿದಳು. ಒಂದು ಮಾತೂ ಆಡುವುದಿಲ್ಲ ಎಂದು ಅವನಿಗೆ ಹೇಳಿ ಬಂದಿದ್ದೆ. ಆಡಲಿಲ್ಲ. ಬಲಗೈ ಎತ್ತಿ ಐದೂ ಬೆರಳು ಬಿಡಿಸಿದೆ. ಅಕ್ಕ ನೋಡುತ್ತಲೇ ಇದ್ದಳು. ಎಡಗೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು, ಆ ಕೈಯನ್ನೂ ಎತ್ತಿ ಐದೂ ಬೆರಳು ಬಿಡಿಸಿದೆ.